ಒಣ ತಟ್ಟೆ

ಹಾಸ್ಟೆಲಿನ ಉಗ್ರಾಣದಿಂದ,
ತಾರೀಖು ಮೂವತ್ತು, ಮಧ್ಯಾಹ್ನ ಮೂರು ಗಂಟೆ.

ಅಳಿಯನಿಗೆ ಅತ್ತೆಯ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಆಮೇಲೆ ವಿಷಯಕ್ಕೆ ಬರಬೇಕು ಅಂತ ನಮ್ಮ ಮೇಷ್ಟರು ಹೇಳಿಕೊಟ್ಟಿದ್ದರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕಾಗದ ಬರೆಯುವುದರಲ್ಲಿ ನೆನಪಿರುವುದು ಅದೊಂದೇ. ಇಲ್ಲಿ ಕ್ಷೇಮವಿಲ್ಲ, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ.

ನೀನು ಫೋನು ಎತ್ತುತ್ತಿಲ್ಲ. ನಿನ್ನ ಹೆಂಡತಿಗೆ ಮಾಡಿದರೆ ಅವರು ಮಲಗಿದ್ದಾರೆ ಅತ್ತೆ ಅನ್ನುತ್ತಾಳೆ. ಬೆಳಿಗ್ಗೆ ಹನ್ನೊಂದಕ್ಕೂ ಮಲಗಿರುತ್ತೀಯ, ಸಂಜೆ ಐದಕ್ಕೂ ಮಲಗಿರುತ್ತೀಯ. ಹುಟ್ಟಿದಾಗಲೂ ನೀನು ಇಷ್ಟು ಮಲಗಿರಲಿಲ್ಲ, ನಮ್ಮಣ್ಣನಿಗೂ ನಿಮ್ಮಮ್ಮನಿಗೂ ಕಣ್ಣಿಗೆ ನಿದ್ದೆ ಹತ್ತಗೊಡಲಿಲ್ಲ. ಇರಲಿ. ಕಾಗದವನ್ನಾದರೆ ಮಲಗಿಕೊಂಡೇ ಓದಬಹುದು. ತರಕಾರಿ ಚೀಟಿಗಳ ಹಿಂದೆ ಬರೆದಿದ್ದೇನೆ, ಮುಂದೆ ಇರುವ ಆಲೂಗಡ್ಡೆ, ಎಲೆಕೋಸನ್ನು ಓದಬೇಡ.

ಮೊದಲು ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಮಂಗಳವಾರ ವಿಚಾರಣೆ ಸಮಿತಿ ಕೊನೆಯ ಸಲ ಕೂರುತ್ತದೆ. ಹದಿನಾರನೇ ತಾರೀಖಿನ ಸಂಜೆಯಿಂದ ಇಪ್ಪತ್ತೊಂದರ ಮಧ್ಯಾಹ್ನದವರೆಗೆ ಕೋಣೆಯಲ್ಲಿ ಏನೂ ತಿನ್ನದೆ ಮಲಗಿದ್ದಳಲ್ಲ ನಮ್ಮ ಹಾಸ್ಟೆಲಿನ ಹುಡುಗಿ, ಅವಳ ಹಣೆಬರಹವನ್ನು ಅವತ್ತು ಬರೆಯುತ್ತಾರೆ. ಬರೆಯುವುದೇನು, ಆಗಲೇ ಟೈಪು ಮಾಡಿ ಇಟ್ಟಾಗಿದೆಯಂತೆ, ಸಹಿ ಒಂದು ಬಾಕಿ. ವಾರ್ಡನ್ನು ಚಹಾ ಕುಡಿಯಲು ಬಂದವಳು ಬಾಯಿ ತಪ್ಪಿ ಹೇಳಿದಳು. ಆ ದಿನಗಳಲ್ಲೆಲ್ಲ ಹುಡುಗಿ ಮೂರು ಹೊತ್ತೂ ಊಟಕ್ಕೆ ಬಂದ ದಾಖಲೆ ಊಟದ ಮನೆಯ ಬಾಗಿಲ ಮೆಷಿನ್ನಿನಲ್ಲಿದೆ. ಹಾಗಾದರೆ ಅವಳು ಉಂಡು, ಕೋಣೆಗೆ ಹೋಗಿ ಕಕ್ಕಿ, ಎಲ್ಲರಿಂದ ಮುಚ್ಚಿಟ್ಟಿದ್ದಾಳೆ. ವಿಶ್ವವಿದ್ಯಾಲಯದ ವ್ಯವಸ್ಥೆಯಲ್ಲಿ ಲೋಪವಿಲ್ಲ. ಹುಡುಗಿ ಹಾಸ್ಟೆಲಿನಲ್ಲಿರಲು ಯೋಗ್ಯಳಲ್ಲ, ಮನೆಗೆ ಕಳುಹಿಸುವುದು. ಇಷ್ಟೇ ತೀರ್ಮಾನ. ಅವಳಂಥವಳು ಒಂದು ಸಲ ಮನೆಗೆ ಹೋದಳೆಂದರೆ ಓದು ಅಲ್ಲಿಗೆ ಮುಗಿಯಿತು. ಅವಳಪ್ಪ ಟೈಲರು. ಮೊದಲೇ ಹೇಳಿ ಕಳಿಸಿದ್ದನಂತೆ, ಒಂದು ದೂರು ಬಂದರೆ ಸಾಕು, ಹೊಲಿಗೆ ಮೆಷಿನ್ನಿನ ಮುಂದೆ ಕೂರಿಸುತ್ತೇನೆ ಅಂತ.

ನಿನ್ನದೂ ಅದರಲ್ಲೇ ಒಂದು ಸಾಲಿದೆ. ಆಸ್ಪತ್ರೆಯಲ್ಲಿ ಆ ಅಪ್ಪನ ಮುಂದೆ ನಿಂತು ತಪ್ಪು ನಮ್ಮದು ಅಂದೆಯಲ್ಲ, ಅದು ಅಧಿಕಾರ ಮೀರಿದ ಮಾತಂತೆ. ಯಾರನ್ನು ಕೇಳಿ ಅಂದೆ ನೀನು? ಮೂವತ್ತೆಂಟು ವರ್ಷದಲ್ಲಿ ನನ್ನ ಮುಂದೆ ಒಂದು ಸಲವೂ ತಪ್ಪಾಯಿತು ಅನ್ನದವನು, ಅವನ ಮುಂದೆ ಹೋಗಿ ಅಂದೆ. ಮಾರನೆಯ ದಿನವೇ ರಜೆಯ ಮೇಲೆ ಹೋಗು ಅಂತ ಕಾಗದ ಕೈಗಿಟ್ಟರು. ಈಗ ನಿನ್ನ ಕೋಣೆಗೆ ಬೀಗ. ಬಾಗಿಲ ಮೇಲೆ ವಿದ್ಯಾರ್ಥಿ ಕ್ಷೇಮಾಧಿಕಾರಿ ಅಂತ ಬೋರ್ಡು ಮಾತ್ರ ಇದೆ. ಹುಡುಗಿಯರು ಬಂದು ಬೋರ್ಡು ನೋಡಿ ವಾಪಸು ಹೋಗುತ್ತಾರೆ.

ನಿನ್ನ ಮೇಲೆ ನನಗೆ ಸಿಟ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ಆ ಮೆಷಿನ್ನು ತಂದವನು ನೀನು. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಈ ಹಾಸ್ಟೆಲನ್ನು ನಾನು ತಟ್ಟೆ ನೋಡಿಕೊಂಡೇ ನಡೆಸಿದೆ. ಒಬ್ಬೊಬ್ಬ ಹುಡುಗಿಗೂ ಒಂದೊಂದು ಸ್ಟೀಲು ತಟ್ಟೆ, ಅಂಚಿನಲ್ಲಿ ನಂಬರು ಕೊರೆದದ್ದು. ಊಟವಾದ ಮೇಲೆ ತೊಳೆದು ಗೂಡಿನಲ್ಲಿ ನಿಲ್ಲಿಸುತ್ತಿದ್ದೆವು. ನಾನು ಗೂಡಿನ ಮುಂದೆ ಕೈ ಆಡಿಸಿಕೊಂಡು ಹೋಗುತ್ತಿದ್ದೆ. ಒದ್ದೆ ತಟ್ಟೆ ಅಂದರೆ ಉಂಡವಳು. ಒಣ ತಟ್ಟೆ ಅಂದರೆ ಉಣ್ಣದವಳು. ಒಂದು ಹೊತ್ತು ಒಣಗಿದ್ದರೆ ಸಿನಿಮಾಕ್ಕೆ ಹೋಗಿರುತ್ತಾಳೆ. ಎರಡು ಹೊತ್ತಾದರೆ ಗೆಳತಿಯ ಮನೆ. ಮೂರನೇ ಹೊತ್ತೂ ಒಣಗಿದ್ದರೆ ಸೌಟು ಕೆಳಗಿಟ್ಟು ಮೆಟ್ಟಿಲು ಹತ್ತಿ ಬಾಗಿಲು ಬಡಿಯುತ್ತಿದ್ದೆ. ಬಾಗಿಲು ತೆಗೆದ ಮೇಲೆ ನಾನೇನೂ ಸಮಾಧಾನ ಹೇಳುತ್ತಿರಲಿಲ್ಲ, ನನಗದು ಬರುವುದೂ ಇಲ್ಲ. ಏನೇ ನಿನ್ನ ರೋಗ, ತಟ್ಟೆ ಒಣಗುತ್ತಿದೆ, ಇಳಿದು ಬಾ ಅಂತ ಬೈಯುತ್ತಿದ್ದೆ. ಅತ್ತುಕೊಂಡಾದರೂ ಇಳಿದು ಬರುತ್ತಿದ್ದರು. ಬೆನ್ನ ಹಿಂದೆ ನನಗೆ ಮೆಣಸಿನಕಾಯಿ ಅಜ್ಜಿ ಅಂತ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ.

ಇದನ್ನು ನೀನು ನೋಡಿಕೊಂಡೇ ಬೆಳೆದೆ. ನೀನು ಇಲ್ಲೇ ಓದುವಾಗ ಹುಡುಗರ ಹಾಸ್ಟೆಲಿನ ಗಂಜಿ ಸೇರದೆ ನನ್ನ ಅಡುಗೆಮನೆಯ ಹಿಂಬಾಗಿಲಿಗೆ ಬಂದು ಕೂರುತ್ತಿದ್ದೆಯಲ್ಲ. ಅಧಿಕಾರಿಯಾಗಿ ಬಂದ ವರ್ಷ ಅದೇ ಮೆಟ್ಟಿಲ ಮೇಲೆ ಕೂತು, ಪ್ಯಾಂಟಿಗೆ ಮಸಿಯಾಗುತ್ತದೆ ಏಳೋ ಅಂದರೂ ಏಳದೆ, ನನ್ನನ್ನು ಒಂದು ಮಾತು ಕೇಳಿದೆ. "ಅತ್ತೆ, ನಿನ್ನಂಥವಳು ಒಬ್ಬಳು. ಹಾಸ್ಟೆಲು ಹದಿಮೂರು. ಉಳಿದ ಹನ್ನೆರಡರಲ್ಲಿ ಯಾರು ಬಾಗಿಲು ಬಡೀತಾರೆ? ನೀನು ಮನೆಗೆ ಹೋದ್ಮೇಲೆ ಇಲ್ಲಾದ್ರೂ ಯಾರು ಬಡೀತಾರೆ?" ಉತ್ತರವಿಲ್ಲದಾಗ ನಾನು ಬೈಯುತ್ತೇನೆ, ನಿನಗೆ ಗೊತ್ತು. ಅವತ್ತೂ ಬೈದೆ.

ತಟ್ಟೆ ಹೋಗಿ ಕಾರ್ಡು ಬಂತು. ಬಾಗಿಲಲ್ಲಿ ಮೆಷಿನ್ನು. ಕಾರ್ಡು ಮುಟ್ಟಿಸಿದರೆ ಬೀಪ್ ಅನ್ನುತ್ತದೆ, ಹಸಿರು ದೀಪ, ಊಟ. ಮೂರು ದಿನ ಮುಟ್ಟಿಸದಿದ್ದರೆ ನಿನ್ನ ಕಚೇರಿಗೆ ಸುದ್ದಿ, ಅಲ್ಲಿಂದ ಯಾರಾದರೂ ಕೋಣೆಗೆ ಹೋಗಬೇಕು. ನಾನಾದರೆ ಮೂರು ಹೊತ್ತಿಗೆ ಹತ್ತುತ್ತಿದ್ದೆ, ನೀನು ಮೂರು ದಿನ ಮಾಡಿದೆ, ಹದಿಮೂರು ಹಾಸ್ಟೆಲಿಗೆ ಜನ ಸಾಲದು ಅಂತ. ಆದರೂ ಬುದ್ಧಿವಂತ ಕೆಲಸವೇ. ನಿನ್ನ ಮುಂದೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಆಮೇಲೆ ಮೇಲಿನವರು ಅದಕ್ಕೆ ಕೈ ಹಾಕಿದರು. ಸುಮ್ಮನೆ ಹೋಗಿ ಮಾತಾಡಿಸಿ ಬನ್ನಿ ಅಂತ ನೀನು ಇಟ್ಟಿದ್ದೆ. ಅವರು ನಾಲ್ಕು ಪುಟದ ಫಾರಂ ಮಾಡಿದರು. ಫೈಲು ಹಿಡಿದ ಇಬ್ಬರು ಹುಡುಗಿಯರು, ಪಾಪ ಅವರಿಗೂ ಇಪ್ಪತ್ತೈದು ದಾಟಿರಲಿಲ್ಲ, ಜೊತೆಯವರ ಮುಂದೆಯೇ ಹಾಸಿಗೆಯ ಮೇಲೆ ಕೂತು, ಬದುಕಿನಲ್ಲಿ ನಿಮಗೆಷ್ಟು ಆಸಕ್ತಿ, ಒಂದರಿಂದ ಐದರೊಳಗೆ ಹೇಳಿ ಅಂತ ಕೇಳುತ್ತಿದ್ದರು. ಅದು ಮುಗಿದ ಮೇಲೆ ಮನೆಗೆ ಫೋನು, ಕಡ್ಡಾಯ. ನಿಮ್ಮ ಮಗಳು ಊಟ ಮಾಡುತ್ತಿಲ್ಲ, ವಿಶ್ವವಿದ್ಯಾಲಯ ನಿಮಗೆ ತಿಳಿಸಿದೆ. ಕೈ ತೊಳೆದುಕೊಂಡ ಹಾಗೆ. ಆ ಫೋನಿಗೆ ಹೆದರಿ ಹುಡುಗಿಯರು ಸತ್ತರು. ಅಯ್ಯೋ, ಮಾತಿಗೆ ಅಂದೆ. ಯಾರೂ ಸತ್ತಿಲ್ಲ. ಕೈ ಬರೆದುಬಿಟ್ಟಿತು. ಹೊಡೆದು ಹಾಕಲು ಹೋದರೆ ಚೀಟಿ ಹರಿಯುತ್ತದೆ, ಹಾಗೇ ಇರಲಿ.

ಫೋನಿನ ನಿಯಮ ನಿನ್ನದಲ್ಲ ಅಂತ ನನಗೆ ಆಗಲೂ ಗೊತ್ತಿತ್ತು. ಆದರೂ ನಿನ್ನ ಮೇಲೇ ಹಾಕಿ ಬೈದುಕೊಂಡು ಓಡಾಡಿದೆ. ನಿನ್ನನ್ನು ಬೈಯುವುದು ನನಗೆ ಸುಲಭ.

ಈಗ ಆ ಹುಡುಗಿಯ ಮಾತು. ನೀನು ಅವಳ ಹೆಸರನ್ನು ಫೈಲಿನಲ್ಲಿ ಓದಿದ್ದೀಯ. ನಮ್ಮ ಅಡುಗೆಮನೆಯಲ್ಲಿ ಅವಳ ಹೆಸರು ಅರ್ಧಸೌಟು. ಏನು ಬಡಿಸಲು ಹೋದರೂ ಅರ್ಧ ಸೌಟು ಸಾಕು ಅಜ್ಜಿ ಅನ್ನುವವಳು. ಪೂರ್ತಿ ಸೌಟು ಹಾಕಿದರೆ ಅವಳ ಮುಖ ನೋಡಬೇಕು, ನಾನೇನೋ ತಲೆಯ ಮೇಲೆ ಸುರಿದೆ ಅನ್ನುವ ಹಾಗೆ. ನಿನ್ನಪ್ಪನ ಅಂಗಡಿಯಲ್ಲಿ ಬಟ್ಟೆ ಅಳೆದ ಹಾಗೆ ಅನ್ನ ಅಳೆಯುತ್ತೀಯಲ್ಲೇ, ಟೇಪು ತಂದಿದ್ದೀಯಾ ಅಂತ ನಾನು ರೇಗಿಸುತ್ತಿದ್ದೆ. ನಗುತ್ತಿದ್ದಳು. ನಕ್ಕಾಗ ಮಾತ್ರ ಇನ್ನೂ ಒಂದು ಅರ್ಧ ಸೌಟು ನಡೆಯುತ್ತಿತ್ತು. ಹಾಗೆ ನಗಿಸಿ ನಗಿಸಿ ಒಂದೂವರೆ ಸೌಟಿನವರೆಗೆ ತಂದಿದ್ದೆ.

ಎರಡು ತಿಂಗಳ ಹಿಂದೆ ಅವಳಿಗೆ ಎರಡು ವಿಷಯದಲ್ಲಿ ನಪಾಸಾಯಿತು. ಪ್ರಯೋಗಾಲಯದ ಮೇಷ್ಟರು ಎಲ್ಲರ ಮುಂದೆ ಅವಳ ಪುಸ್ತಕ ಎತ್ತಿ ಹಿಡಿದು ಏನೋ ಆಡಿದರಂತೆ, ಏನೆಂದು ಅವಳು ಹೇಳಲಿಲ್ಲ. ಅಲ್ಲಿಂದ ಊಟಕ್ಕೆ ಬರುವುದು ತಪ್ಪತೊಡಗಿತು. ಒಂದು ಮಧ್ಯಾಹ್ನ ಹಿಂಬಾಗಿಲಿಗೆ ಬಂದು ನಿಂತಳು. ಅಜ್ಜಿ, ಇವತ್ತಿಗೆ ಎರಡು ದಿನವಾಯಿತು, ನಾಳೆಯೂ ಲ್ಯಾಬಿದೆ, ಫೋನು ಹೋದರೆ ಅಪ್ಪ ಬಂದು ಕರೆದುಕೊಂಡು ಹೋಗುತ್ತಾರೆ ಅಂದಳು. ಕಣ್ಣಲ್ಲಿ ನೀರಿರಲಿಲ್ಲ, ಅದು ಇನ್ನೂ ಕೆಟ್ಟದ್ದು.

ಇನ್ನು ಮುಂದಿನದನ್ನು ಎದ್ದು ಕೂತು ಓದು.

ನಾನು ಅವಳ ಕಾರ್ಡು ಇಸಿದುಕೊಂಡೆ. ದಿನಾ ಮೂರು ಹೊತ್ತು, ಬಾಗಿಲಲ್ಲಿ ಗದ್ದಲವಿರುವಾಗ, ಸೆರಗಿನ ಮರೆಯಲ್ಲಿ ಮೆಷಿನ್ನಿಗೆ ಮುಟ್ಟಿಸಿದೆ. ಅವಳೊಬ್ಬಳದೇ ಅಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ನನ್ನ ಬಳಿ ಹನ್ನೊಂದು ಕಾರ್ಡುಗಳಿದ್ದವು. ಒಬ್ಬಳು ಟ್ಯೂಷನ್ನು ಹೇಳಿಕೊಡಲು ಹೋಗುವವಳು, ಒಬ್ಬಳಿಗೆ ಮನೆಯವರು ಒಪ್ಪದ ಹುಡುಗ, ಇನ್ನೊಬ್ಬಳಿಗೆ ಸುಮ್ಮನೆ ಜನರ ನಡುವೆ ಕೂತು ಉಣ್ಣಲಾಗುವುದಿಲ್ಲ. ಎಲ್ಲರಿಗೂ ಹೆದರಿಕೆ ಆ ಫೋನಿನದೇ. ಮೊದಲ ದಿನವೇ ಅವರಿಗೆಲ್ಲ ಒಂದು ಕರಾರು ಹಾಕಿದ್ದೆ, ತಡವಾದರೂ ಸರಿ, ಹಿಂಬಾಗಿಲಿಗೆ ಬಂದು ತಿಂದು ಹೋಗಬೇಕು. ಮೆಷಿನ್ನು ನೋಡದಿದ್ದರೇನು, ನಾನು ನೋಡುತ್ತೇನಲ್ಲ ಅಂದುಕೊಂಡೆ. ಇಪ್ಪತ್ತಾರು ವರ್ಷ ನೋಡಿದ ಕಣ್ಣು.

ಅರ್ಧಸೌಟು ಒಂದು ತಿಂಗಳು ಬಂದಳು. ನಿಂತುಕೊಂಡೇ ತಿನ್ನುತ್ತಿದ್ದಳು. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಆಮೇಲೆ ನಾನು ಗಮನಿಸಲಿಲ್ಲ. ಗಮನಿಸಲಿಲ್ಲ ಅನ್ನುವುದು ಸುಳ್ಳು. ಅದನ್ನು ಸರಿಯಾಗಿ ಹೇಳಲು ಒಂಬತ್ತು ದಿನದಿಂದ ಯೋಚಿಸುತ್ತಿದ್ದೇನೆ. ತಟ್ಟೆಯಾಗಿದ್ದರೆ ಕೈಗೆ ಒಣಗಿದ್ದು ಗೊತ್ತಾಗುತ್ತಿತ್ತು. ಇದು ಹಾಗಲ್ಲ. ನಾನೇ ಕಾರ್ಡು ಮುಟ್ಟಿಸುತ್ತೇನೆ, ಬೀಪ್ ಅನ್ನುತ್ತದೆ, ಹಸಿರು ದೀಪ ಹತ್ತುತ್ತದೆ, ಅವಳದಾಯಿತು ಅಂತ ಮನಸ್ಸು ಮುಂದಿನ ಕಾರ್ಡಿಗೆ ಹೋಗುತ್ತದೆ. ಮಾಡಿದ ಮೋಸ ನನ್ನದೇ, ನಂಬಿದವಳೂ ನಾನೇ. ಆ ಐದು ದಿನವೂ ನಾನು ಮೂರು ಹೊತ್ತು ಅವಳಿಗೆ ಉಣ್ಣಿಸಿದೆ, ನನ್ನ ಲೆಕ್ಕದಲ್ಲಿ. ಒಂದು ಸಲವೂ ಅವಳ ಮುಖ ಕಂಡು ಎಷ್ಟು ದಿನವಾಯಿತು ಅಂತ ಅನ್ನಿಸಲಿಲ್ಲ.

ಊರಿಗೆ ಹೋಗಿದ್ದ ಅವಳ ಕೋಣೆಯವಳು ಇಪ್ಪತ್ತೊಂದರ ಮಧ್ಯಾಹ್ನ ವಾಪಸು ಬಂದು ಕಿರುಚಿದಾಗ ನಾನು ಅನ್ನ ಬಸಿಯುತ್ತಿದ್ದೆ. ಓಡಿದೆ. ಇಬ್ಬರು ಹುಡುಗಿಯರು ಅವಳನ್ನು ಬೆಡ್‌ಶೀಟಿನಲ್ಲಿ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಭಾರವೇ ಇರಲಿಲ್ಲ ಅಂತ ಆಮೇಲೆ ಹೇಳಿದರು.

ಮಾರನೆಯ ದಿನ ರಜೆಯ ಕಾಗದ ಸಿಗುವುದಕ್ಕೆ ಮೊದಲು ನೀನು ಅಡುಗೆಮನೆಗೆ ಬಂದಿದ್ದೆ. ಮುಖ ಬೂದಿಯ ಹಾಗಿತ್ತು. ಅತ್ತೆ, ಒಬ್ಬರ ಕಾರ್ಡನ್ನು ಇನ್ನೊಬ್ಬರು ಮುಟ್ಟಿಸುವುದು ಇಲ್ಲಿ ಸಾಧ್ಯವಾ, ಯೋಚಿಸಿ ಹೇಳು ಅಂದೆ. ನಾನು ಯೋಚಿಸಲಿಲ್ಲ. ನನ್ನ ಅಡುಗೆಮನೆಯಲ್ಲಿ ಅಂಥದ್ದು ನಡೆಯುವುದಿಲ್ಲ, ನಿನ್ನ ಮೆಷಿನ್ನಿನ ಹುಳುಕಿಗೆ ನನ್ನ ಮೇಲೆ ಗೂಬೆ ಕೂರಿಸಬೇಡ ಅಂತ ಎಲ್ಲರಿಗೂ ಕೇಳುವ ಹಾಗೆ ಕಿರುಚಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಕೇಳಿದವನನ್ನೇ ಹೊಡೆದು ಓಡಿಸಿದೆ. ಬಿಸ್ಕತ್ತಿನ ಡಬ್ಬಿ ನಿನ್ನ ಮೊಣಕೈ ಪಕ್ಕದ ಕಟ್ಟೆಯ ಮೇಲೇ ಇತ್ತು ಕಣೋ. ನೀನು ಅದಕ್ಕೇ ಒರಗಿ ನಿಂತಿದ್ದೆ.

ಸಮಿತಿಯವರು ನನ್ನನ್ನೂ ಕರೆಸಿದ್ದರು. ನಿಜ ಹೇಳುವುದೆಂದು ಗಟ್ಟಿ ಮಾಡಿಕೊಂಡೇ ಹೋದೆ, ಇದನ್ನು ನಂಬುವುದಾದರೆ ನಂಬು. ಉದ್ದ ಮೇಜಿನ ಆಚೆ ಐದು ಜನ. ಆ ದಿನಗಳಲ್ಲಿ ಮೆಷಿನ್ನು ಕೆಲಸ ಮಾಡುತ್ತಿತ್ತೇ ಅಂತ ಒಂದೇ ಪ್ರಶ್ನೆ. ಮಾಡುತ್ತಿತ್ತು ಅಂದೆ. ನಡುವೆ ಕೂತಿದ್ದವರು ಥ್ಯಾಂಕ್ಸ್ ಅಮ್ಮ, ನೀವು ಹೋಗಬಹುದು ಅಂದರು. ಇನ್ನೊಂದು ಮಾತಿದೆ ಅಂತ ಬಾಯಿ ತೆರೆದೆ. ಅಮ್ಮ, ಇವತ್ತು ಪಟ್ಟಿ ಉದ್ದ ಇದೆ ಅಂದರು. ನನ್ನಂಥ ಬಾಯಿಬಡುಕಿ, ಮೂರು ಮೈಲಿ ಆಚೆಯ ತರಕಾರಿಯವನನ್ನು ಇಲ್ಲಿಂದಲೇ ನಡುಗಿಸುವವಳು, ತಲೆ ತಗ್ಗಿಸಿ ಎದ್ದು ಬಂದೆ. ಬಾಗಿಲು ದಾಟಿದ ಮೇಲೆ ಒಳಗೊಳಗೇ ಹಗುರವೂ ಆಯಿತು. ಅದನ್ನೂ ಬರೆಯುತ್ತಿದ್ದೇನೆ.

ಆಸ್ಪತ್ರೆಗೆ ಮೂರು ಸಲ ಹೋಗಿದ್ದೆ. ಟೈಲರು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾನೆ, ಈಗೀಗ ಒಳಗೆ ಹೋಗುವುದಿಲ್ಲ. ನಿಮ್ಮವರು ಕೊಟ್ಟ, ಮೆಷಿನ್ನಿನ ದಾಖಲೆಯ ಪ್ರಿಂಟನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದಾನೆ. ನಾನು ಹಾಸ್ಟೆಲಿನ ಅಡುಗೆಯವಳು ಅಂದ ತಕ್ಷಣ ಎದ್ದು ನಿಂತು ಎರಡೂ ಕೈ ಹಿಡಿದುಕೊಂಡ. "ನೀವು ಮೂರೂ ಹೊತ್ತು ಬಡಿಸಿದ್ರಂತೆ ತಾಯಿ, ಇದರಲ್ಲಿ ಟೈಮು ಸಮೇತ ಬರೆದಿದ್ದಾರೆ. ಇವಳು ನನ್ನ ಮುಂದೆ ಊಟಾನೇ ಮಾಡಿಲ್ಲ ಅಂತ ಸಾಧಿಸ್ತಾಳೆ. ಸುಳ್ಳಿ. ನಾನೇ ಸಾಕಿದ ಮಗಳು ಇಷ್ಟು ಸುಳ್ಳಿ ಅಂತ ನನಗೆ ಗೊತ್ತಿರಲಿಲ್ಲ." ಆ ಕೈಗಳು, ಬೆರಳ ತುದಿಯೆಲ್ಲ ಸೂಜಿ ಚುಚ್ಚಿ ಒರಟಾದ ಕೈಗಳು, ನನ್ನ ಕೈ ಬಿಡಲೇ ಇಲ್ಲ. ಅವಳು ಸುಳ್ಳಿಯಲ್ಲ ಅಂದೆ. ಅನ್ನ ಹಾಕಿದ ತಾಯಿಗೆ ಹಾಗೇ ಅನ್ನಿಸುತ್ತದೆ ಅಂದ. ಕಾರ್ಡಿನ ಮಾತೆತ್ತದೆ ಒಳಗೆ ಹೋದೆ.

ಮೂರನೇ ಸಲ ಹೋದಾಗ ಹುಡುಗಿ ಮಾತಾಡಿದಳು. ಅದುವರೆಗೆ ನಾನು ಹೋದಾಗಲೆಲ್ಲ ಗೋಡೆ ನೋಡಿಕೊಂಡಿದ್ದವಳು ನನ್ನ ಕಡೆ ತಿರುಗಿದಳು. ಮೂಗಿನಲ್ಲಿ ಕೊಳವೆ, ಮಾತು ಪಿಸುಗುಟ್ಟಿದ ಹಾಗೆ. "ಅಜ್ಜಿ, ಮೂರು ದಿನ ಆದ್ಮೇಲೆ ಆ ಫಾರಂ ಹಿಡ್ಕೊಂಡು ಬರೋ ಅಕ್ಕಂದಿರು ಬರ್ತಾರೆ ಅಂತ ಬಾಗಿಲ ಚಿಲಕ ತೆಗೆದಿಟ್ಟಿದ್ದೆ. ಎದ್ದು ತೆಗೆಯೋಕೆ ಆಗದೇ ಹೋದ್ರೆ ಅಂತ. ಆಮೇಲೆ ನೆನಪಾಯ್ತು, ಕಾರ್ಡು ನಿಮ್ಮ ಹತ್ರ ಇದೆಯಲ್ಲ ಅಂತ." ದೂರುವ ಧಾಟಿಯಲ್ಲಿ ಹೇಳಲಿಲ್ಲ ಕಣೋ. ಪುಸ್ತಕ ಮರೆತು ಬಂದದ್ದನ್ನು ಹೇಳುವ ಹಾಗೆ ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದರೆ ನಿನ್ನ ಮೆಷಿನ್ನನ್ನು ಅವಳು ಕಾದಿದ್ದಾಳೆ. ಆ ನಾಲ್ಕು ಪುಟದ ದರಿದ್ರ ಫಾರಮ್ಮನ್ನು ಕಾದಿದ್ದಾಳೆ. ಹೆದರುತ್ತಿದ್ದ ಫೋನನ್ನು ಕೂಡ.

ಹೊರಡುವಾಗ ಇನ್ನೊಂದು ಮಾತು ಹೇಳಿದಳು. ಕಾರ್ಡಿನ ವಿಷಯ ಯಾರಿಗೂ ಹೇಳಬೇಡಿ, ಉಳಿದ ಹತ್ತು ಜನಕ್ಕೆ ತೊಂದರೆಯಾಗುತ್ತದೆ ಅಂದಳು. ಅದು ನಿಜ. ನಾನು ಡಬ್ಬಿ ತೋರಿಸಿದರೆ ಹತ್ತು ಮನೆಗಳಿಗೆ ಫೋನು ಹೋಗುತ್ತದೆ. ಟ್ಯೂಷನ್ನಿನವಳ ಓದು ನಿಲ್ಲುತ್ತದೆ, ಪ್ರೀತಿಸಿದವಳನ್ನು ಮನೆಯಲ್ಲಿ ಕೂಡಿಹಾಕುತ್ತಾರೆ, ಜನರ ನಡುವೆ ಉಣ್ಣಲಾಗದವಳನ್ನು ಹಾಸಿಗೆಯ ಮೇಲೆ ಕೂರಿಸಿ ಒಂದರಿಂದ ಐದರೊಳಗೆ ಹೇಳು ಅನ್ನುತ್ತಾರೆ. ತೋರಿಸದಿದ್ದರೆ ಮಂಗಳವಾರ ಇವಳು ಸುಳ್ಳಿ ಅಂತ ಸಹಿಯಾಗುತ್ತದೆ. ಅತ್ತ ದರಿ, ಇತ್ತ ಪುಲಿ. ನಡುವೆ ನಿಂತಿರುವುದು ಒಬ್ಬ ಮುದುಕಿ, ಕೈಯಲ್ಲಿ ಸೌಟು.

ನಿನ್ನೆ ಉಳಿದ ಹತ್ತೂ ಕಾರ್ಡು ಅವರವರಿಗೆ ಕೊಟ್ಟುಬಿಟ್ಟೆ. ಉಣ್ಣಲು ಬಾ, ಬರದಿದ್ದರೆ ನಾನೇ ಮೇಲೆ ಬರುತ್ತೇನೆ ಅಂದೆ. ನನ್ನ ಮಂಡಿಯಲ್ಲಿ ಈಗ ಮೆಟ್ಟಿಲು ಹತ್ತುವ ಶಕ್ತಿಯಿಲ್ಲ, ಅದು ಅವರಿಗೂ ಗೊತ್ತು. ಒಬ್ಬಳು ಕಾರ್ಡು ಇಸಿದುಕೊಂಡು, ಇನ್ನು ನಮಗೆ ಯಾರೂ ಇಲ್ಲ ಅನ್ನಿ ಅಜ್ಜಿ ಅಂದಳು. ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ.

ಆಮೇಲೆ ಆಡಳಿತ ಕಚೇರಿಗೆ ಹೋದೆ. ಆ ಹುಡುಗಿಯ ಕಾರ್ಡು ಮುಟ್ಟಿಸಿದವಳು ನಾನು, ಅವಳು ಕೊಡಲಿಲ್ಲ, ನಾನೇ ಕಿತ್ತುಕೊಂಡೆ, ಅಂತ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಕೊನೆಯದು ಸುಳ್ಳು. ಉಳಿದವರ ಹೆಸರು ಹಾಕಲಿಲ್ಲ. ನನ್ನ ಕೆಲಸ ಹೋದರೆ ಹೋಗಲಿ. ಗುಮಾಸ್ತ ಹಾಳೆಯನ್ನು ಕೈಯಲ್ಲಿ ಹಿಡಿಯಲೂ ಇಲ್ಲ. ಅಡುಗೆ ಸಿಬ್ಬಂದಿಯ ಹೇಳಿಕೆ ಮುಗಿದಿದೆ ಅಂದ. ಹೊಸದಾಗಿ ಏನಾದರೂ ಕೊಡುವುದಿದ್ದರೆ ಕ್ಷೇಮಾಧಿಕಾರಿಯ ಮೂಲಕ ಬರಬೇಕು. ಕ್ಷೇಮಾಧಿಕಾರಿಯನ್ನು ನೀವೇ ಮನೆಗೆ ಕಳಿಸಿದ್ದೀರಲ್ಲಪ್ಪ ಅಂದೆ. ಹಾಗಾದ್ರೆ ಅವರು ಬಂದ್ಮೇಲೆ ಕೊಡಿ ಅಂದ. ಅವನು ಬರುವುದರೊಳಗೆ ಹುಡುಗಿ ಹೋಗಿರುತ್ತಾಳೆ ಅಂದೆ. ನಾನೇನ್ ಮಾಡ್ಲಮ್ಮ, ನಾನೂ ನಿಮ್ಮ ಥರಾನೇ ಅಂದ. ಅವನ ಮೇಲೂ ಸಿಟ್ಟು ಬರಲಿಲ್ಲ. ಇದೇನು ರೋಗ ನನಗೆ, ಯಾರ ಮೇಲೂ ಸಿಟ್ಟು ಬರುತ್ತಿಲ್ಲ.

ವಾರ್ಡನ್ನಿಗೆ ಹೇಳಿದೆ. ಅವಳು ಎರಡೂ ಕಿವಿ ಮುಚ್ಚಿಕೊಂಡಳು, ಮಾತಿಗಲ್ಲ, ನಿಜವಾಗಿಯೇ ಕೈಯಿಂದ ಮುಚ್ಚಿಕೊಂಡಳು. ನಾನು ಕೇಳಿಲ್ಲ, ನೀವು ಹೇಳಿಲ್ಲ, ನನಗೆ ಇನ್ನೂ ಹನ್ನೆರಡು ವರ್ಷ ಸರ್ವೀಸಿದೆ ಅಂತ ಎದ್ದು ಹೋದಳು. ಚಹಾ ಅರ್ಧ ಹಾಗೇ ಇತ್ತು.

ಹೀಗಾಗಿ ಅಳಿಯದೇವರೇ, ನಿಮ್ಮ ಮೂಲಕವೇ ಕೊಡುತ್ತಿದ್ದೇನೆ. ಆ ಹಾಳೆಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಹಾಳೆಯ ಕೆಳಗೆ ಸಹಿ ಇದೆ, ಹೆಬ್ಬೆಟ್ಟಲ್ಲ. ನಿನ್ನ ಮಾತನ್ನು ಅವರು ಕೇಳುತ್ತಾರೋ ಇಲ್ಲವೋ, ನೀನಾದರೂ ನನ್ನ ಮಾತು ಕೇಳುತ್ತೀಯೋ ಇಲ್ಲವೋ, ಸೋಮವಾರದೊಳಗೆ ಇದು ನಿನ್ನ ಕೈ ಸೇರುತ್ತದೋ ಇಲ್ಲವೋ, ಯಾವುದೂ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ ಕೆಲಸ, ಅದನ್ನೂ ಸರಿಯಾಗಿ ಮಾಡಲಿಲ್ಲ.

ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ. ಬಾಯಿ ಬರುವುದಿಲ್ಲ. ನಿನ್ನ ಮೆಷಿನ್ನು ಸರಿಯಾಗಿತ್ತು, ಅದನ್ನು ಮಾತ್ರ ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಎದ್ದು ಮುಖ ತೊಳೆದುಕೋ. ಏನಾದರೂ ತಿನ್ನು. ನಿನ್ನ ಹೆಂಡತಿ ಅಳುತ್ತಿದ್ದಾಳೆ, ಫೋನಿನಲ್ಲಿ ಗೊತ್ತಾಗುತ್ತದೆ.

ಇಂತಿ ನಿನ್ನ ಅತ್ತೆ.

ಮತ್ತೆ ಬರೆದದ್ದು, ಮಾರನೆಯ ದಿನ ಬೆಳಿಗ್ಗೆ, ಅಂಚೆಗೆ ಹಾಕುವ ಮೊದಲು:

ಹತ್ತು ಕಾರ್ಡು ಕೊಟ್ಟೆ ಅಂದೆ. ಹನ್ನೊಂದನೆಯದು ಇನ್ನೂ ನನ್ನ ಬಳಿ ಇದೆ. ಅವಳನ್ನು ಆಸ್ಪತ್ರೆಗೆ ಒಯ್ದ ಸಂಜೆ ಅದನ್ನೂ ಮೆಷಿನ್ನಿಗೆ ಮುಟ್ಟಿಸಿದ್ದೆ, ಕೈಯ ಅಭ್ಯಾಸ, ಬೀಪ್ ಅಂದ ಮೇಲೆ ಎಚ್ಚರವಾಯಿತು. ಮಾರನೆಯ ದಿನದಿಂದ ಬೇಕೆಂದೇ ಮುಟ್ಟಿಸಿದೆ. ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿ ಮಲಗಿಸಿರುವ ಹುಡುಗಿ ಇಲ್ಲಿ ದಿನಾ ಮೂರು ಹೊತ್ತು ಹೇಗೆ ಉಣ್ಣುತ್ತಾಳೆ ಅಂತ ಯಾರಾದರೂ ಓಡಿ ಬರಲಿ, ನಾನು ಬಾಯಿ ಬಿಡುವ ಮೊದಲೇ ನನ್ನನ್ನು ಹಿಡಿಯಲಿ ಅಂತ. ಒಂಬತ್ತು ದಿನವಾಯಿತು. ಯಾರೂ ಬರಲಿಲ್ಲ. ಇವತ್ತು ಒಂದನೇ ತಾರೀಖು. ಬೆಳಿಗ್ಗೆ ಕಚೇರಿಯವನು ಬಂದು ಊಟದ ಮನೆಯ ಬೋರ್ಡಿಗೆ ಒಂದು ಪಟ್ಟಿ ಅಂಟಿಸಿ ಹೋದ. ಹೋದ ತಿಂಗಳು ಒಂದು ಹೊತ್ತೂ ಊಟ ತಪ್ಪಿಸದ ಹುಡುಗಿಯರಿಗೆ ವಿಶ್ವವಿದ್ಯಾಲಯದ ಅಭಿನಂದನೆಗಳಂತೆ. ಏಳು ಹೆಸರುಗಳಿವೆ. ನಾಲ್ಕನೆಯದು ಅವಳದು.